ಎಲ್‌ಎಲ್‌ಬಿ ಓದಿ ಬಡವರ ಕೇಸು ನಡೆಸಬೇಕು ಅನ್ನೋ ಹುಡುಗಿಗೆ ಯಾವ ಸ್ಕಾಲರ್‌ಶಿಪ್? ಸಾಲ ಮಾಡಬೇಕಾ?

ಲಿಂಗಸೂಗೂರು ಅಣ್ಣ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ತಂಗಿ ಈಗ ಸೆಕೆಂಡ್ ಪಿಯುಸಿ ಆರ್ಟ್ಸ್. ಒಂದನೇ ತರಗತಿಯಿಂದ ಇಲ್ಲೀತನಕ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ನಾವು ಎಸ್‌ಸಿ. ಅಪ್ಪಗ ಎರಡು ಎಕರೆ ಒಣಭೂಮಿ ಅದ, ಖಾತೆ ಇನ್ನೂ ಅಜ್ಜನ ಹೆಸರಿನಾಗ. ಆದಾಯ ಪ್ರಮಾಣಪತ್ರ 2.5 ಲಕ್ಷದ ಒಳಗ ಬರ್ತದ. ಅಕಿಗೆ ಐದು ವರ್ಷದ ಬಿಎ ಎಲ್‌ಎಲ್‌ಬಿ ಮಾಡಿ ಜಮೀನು, ಕೂಲಿ, ದೌರ್ಜನ್ಯ ಇಂಥ ಕೇಸು ನಡೆಸೋ ಮನಸ್ಸು. ಕಂಪನಿ ವಕೀಲಿಕಿ ಬ್ಯಾಡ ಅಂತಾಳ.

ಕೇಳೋದು ಮೂರು. ಇಂಥ ಕೆಲಸಕ್ಕ ಹೋಗೋರಿಗೇ ಅಂತ ಬೇರೆ ಸ್ಕಾಲರ್‌ಶಿಪ್ ಐತೇನು? ಖಾಸಗಿ ಕಾಲೇಜಿನ ಸೀಟು ಕೊಡಸ್ತೀವಿ, ಹತ್ತು ಲಕ್ಷ ಎಜುಕೇಶನ್ ಲೋನ್ ಮಾಡಿಸ್ತೀವಿ ಅಂತ ಒಬ್ಬ ಏಜೆಂಟ್ ಬಂದಾನ, ಒಪ್ಪಬೇಕೋ ಬಿಡಬೇಕೋ? ಓದು ಮುಗಿದ ಮ್ಯಾಲ ಮೊದಲ ಎರಡು ಮೂರು ವರ್ಷ ಹೊಟ್ಟಿಗೆ ಏನು ಮಾಡಬೇಕು? ತಿಳಿದೋರು ಬಿಡಿಸಿ ಹೇಳ್ರಿ.

---

ಕರಿಕೋಟು

ಎರಡನೇ ಪ್ರಶ್ನೆಯಿಂದ ಶುರು ಮಾಡ್ತೀನಿ. ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ.

ವರ್ಷಕ್ಕೆ ಎರಡು ಲಕ್ಷದಂತೆ ಐದು ವರ್ಷ ಸಾಲ ಎತ್ತಿದರು ಅಂದುಕೊಳ್ಳಿ, ಬಡ್ಡಿ ಶೇ 10. ಕಂತು ಶುರುವಾಗೋದು ಕೋರ್ಸ್ ಮುಗಿದು ಒಂದು ವರ್ಷದ ನಂತರ, ಅಂದರೆ ಆರು ವರ್ಷದ ಕೊನೆಗೆ. ಮೊದಲ ಎರಡು ಲಕ್ಷಕ್ಕೆ ಆರು ವರ್ಷದ ಬಡ್ಡಿ, ಮುಂದಿನದಕ್ಕೆ ಐದು, ಆಮೇಲೆ ನಾಲ್ಕು, ಮೂರು, ಎರಡು. ಸರಳ ಬಡ್ಡಿ ಹಾಕಿದರೂ ನಾಲ್ಕು ಲಕ್ಷ. ಕಂತು ಶುರುವಾಗುವ ದಿನ ತಲೆ ಮೇಲಿರೋದು 14 ಲಕ್ಷ. ಹತ್ತು ವರ್ಷಕ್ಕೆ ಕಟ್ಟಿದರೆ ತಿಂಗಳ ಕಂತು ಸುಮಾರು 18,500 ರೂ., ಹದಿನೈದು ವರ್ಷಕ್ಕೆ ಎಳೆದರೆ ಸುಮಾರು 15,000.

ಇದರ ಪಕ್ಕದಲ್ಲಿ ಇನ್ನೊಂದು ಅಂಕಿ ಇಟ್ಟು ನೋಡಿ. ಕಿರಿಯ ವಕೀಲರಿಗೆ ಸೀನಿಯರ್‌ಗಳು ತಿಂಗಳಿಗೆ ನಗರದಲ್ಲಿ ಕನಿಷ್ಠ 20,000, ಹಳ್ಳಿ ಕಡೆ ಕನಿಷ್ಠ 15,000 ಕೊಡಬೇಕು ಅಂತ ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿತು. ಅದು ಶಿಫಾರಸು ಮಾತ್ರ, ಕಡ್ಡಾಯ ಅಲ್ಲ. ತಾಲ್ಲೂಕು ಕೋರ್ಟಲ್ಲಿ ಅಷ್ಟು ಸಿಗೋದು ಅಪರೂಪ. ಸಿಕ್ಕರೂ ಪೂರ್ತಿ ಬ್ಯಾಂಕಿಗೇ ಹೋಗುತ್ತೆ. ಬಡವರ ಕೇಸು ಹಿಡೀಬೇಕು ಅಂತ ಹೊರಟ ಎಷ್ಟೋ ಮಕ್ಕಳು ಕೊನೆಗೆ ಕಂಪನಿ ಕೆಲಸಕ್ಕೆ ಹೋಗೋದು ಮನಸ್ಸು ಬದಲಾಗಿ ಅಲ್ಲ, ಈ ಕಂತಿಗಾಗಿ. ಅದಕ್ಕೇ ನನ್ನ ಮಾತು ಇಷ್ಟು: ಅವಳ ಸ್ಕಾಲರ್‌ಶಿಪ್ ಲೆಕ್ಕದ ಗುರಿ "ಯಾವ ಕಾಲೇಜು ದೊಡ್ಡದು" ಅನ್ನೋದಲ್ಲ, "ಸಾಲ ಇಲ್ಲದೆ ಕೋಟು ಹಾಕಿಕೊಳ್ಳೋದು ಹೇಗೆ" ಅನ್ನೋದು.

ಏಜೆಂಟ್ ಕೊಡಿಸೋ ಸೀಟು ಬಹುತೇಕ ಮ್ಯಾನೇಜ್‌ಮೆಂಟ್ ಕೋಟಾ. ಆ ಸೀಟಿಗೆ ಸರ್ಕಾರದ ಶುಲ್ಕ ಮರುಪಾವತಿಯ ಆಸೆ ಇಟ್ಟುಕೊಳ್ಳಬೇಡಿ. ಸೀಟು ಕೈಗೆ ಬಂದಂತೆ ಕಾಣುತ್ತೆ, ಸ್ಕಾಲರ್‌ಶಿಪ್ ಕೈ ಬಿಟ್ಟು ಹೋಗಿರುತ್ತೆ. ಕಳಿಸಿಬಿಡಿ ಅವನನ್ನ.

ಸಾಲ ಮಾಡಲೇಬೇಕಾಗಿ ಬಂದರೆ ಏಜೆಂಟ್ ಮೂಲಕ ಬೇಡ, ಸರ್ಕಾರದ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ನೇರವಾಗಿ ಅರ್ಜಿ ಹಾಕಿ. ಕುಟುಂಬದ ಆದಾಯ ವರ್ಷಕ್ಕೆ 4.5 ಲಕ್ಷದ ಒಳಗಿದ್ದರೆ ಕಂತು ಶುರುವಾಗೋ ತನಕದ ಬಡ್ಡಿಯನ್ನ ಕೇಂದ್ರವೇ ಭರಿಸುವ ಯೋಜನೆ ಇದೆ, ಅದಕ್ಕೆ ಆದಾಯ ಪ್ರಮಾಣಪತ್ರವನ್ನ ಸಾಲ ಮಂಜೂರಾಗುವಾಗಲೇ ಬ್ಯಾಂಕಿಗೆ ಕೊಡಬೇಕು. ಅದು ದಕ್ಕಿದರೆ ಮೇಲಿನ ಲೆಕ್ಕದಲ್ಲಿ ನಾಲ್ಕು ಲಕ್ಷ ಇಳಿಯುತ್ತೆ. ಆದರೂ ಹತ್ತು ಲಕ್ಷಕ್ಕೆ ಹದಿನೈದು ವರ್ಷ, ತಿಂಗಳಿಗೆ 10,700ರ ಆಸುಪಾಸು. ಕಿರಿಯ ವಕೀಲೆಗೆ ಅದೂ ಹಗುರವಲ್ಲ.

ಇನ್ನು ಮೊದಲ ಪ್ರಶ್ನೆ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಬರೋದೆಲ್ಲ ಅಮೆರಿಕದ್ದು. ಅಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ರೂಟ್-ಟಿಲ್ಡನ್-ಕರ್ನ್ ಥರದ್ದು ಜನಹಿತದ ವಕೀಲಿಕೆಗೇ ಮೀಸಲು, 1951ರಿಂದ ನಡೀತಿದೆ. ಅಲ್ಲಿ 2007ರ ಕಾಯ್ದೆ ಪ್ರಕಾರ ಸರ್ಕಾರಿ ಅಥವಾ ಲಾಭರಹಿತ ಸಂಸ್ಥೆಯಲ್ಲಿ ಇದ್ದುಕೊಂಡು 120 ಕಂತು ಕಟ್ಟಿದರೆ ಉಳಿದ ಫೆಡರಲ್ ಸಾಲ ಮನ್ನಾ. ನಮ್ಮಲ್ಲಿ ಆ ಥರದ ಮನ್ನಾ ಇಲ್ಲ. ನಮ್ಮಲ್ಲಿರೋ ಹಣ ಬರೋದು ಜಾತಿ, ಆದಾಯ, ಹೆಣ್ಣುಮಗಳು, ರೈತರ ಮಗಳು ಅನ್ನೋ ಬಾಗಿಲಿಂದ. ಅವನ್ನ ಒಂದಕ್ಕೊಂದು ಜೋಡಿಸಿಕೊಂಡು ಐದು ವರ್ಷ ದಾಟಬೇಕು. ನಿಮ್ಮ ತಂಗಿಗೆ ಈ ನಾಲ್ಕೂ ಬಾಗಿಲು ತೆರೆದಿವೆ, ಇದು ಸಣ್ಣ ಮಾತಲ್ಲ.

---

ಖಜಾನೆ ಗುಮಾಸ್ತ

ಕರಿಕೋಟು ಸರ್ ಹೇಳಿದ ಬಾಗಿಲುಗಳ ವಿವರ ಕೊಡ್ತೀನಿ.

ಎಲ್ಲಕ್ಕಿಂತ ದೊಡ್ಡದು ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ಎಸ್‌ಸಿ ಟಾಪ್ ಕ್ಲಾಸ್ ಸ್ಕಾಲರ್‌ಶಿಪ್. ಕುಟುಂಬದ ಆದಾಯ 8 ಲಕ್ಷದ ಒಳಗಿರಬೇಕು, ಸಚಿವಾಲಯದ ಪಟ್ಟಿಯಲ್ಲಿರುವ ಸಂಸ್ಥೆಯಲ್ಲಿ ಸೀಟು ಸಿಕ್ಕಿರಬೇಕು. ಬೆಂಗಳೂರು ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್ ಆ ಪಟ್ಟಿಯಲ್ಲಿದೆ. ಬೋಧನಾ ಶುಲ್ಕ ಮತ್ತು ವಾಪಸ್ ಬರದ ಇತರ ಶುಲ್ಕ ಪೂರ್ತಿ ಬರುತ್ತೆ (ಖಾಸಗಿ ಸಂಸ್ಥೆಯಾದರೆ ಮಾತ್ರ ವರ್ಷಕ್ಕೆ 2 ಲಕ್ಷದ ಮಿತಿ). ಅದರ ಮೇಲೆ ಊಟ, ವಸತಿ, ಪುಸ್ತಕ, ಲ್ಯಾಪ್‌ಟಾಪ್ ಎಲ್ಲ ಸೇರಿ ಮೊದಲ ವರ್ಷ 86,000, ಮುಂದಿನ ಪ್ರತಿ ವರ್ಷ 41,000 ರೂ. ಪ್ರತಿ ಸಂಸ್ಥೆಗೆ ಇಂತಿಷ್ಟೇ ಅಂತ ಸ್ಥಾನ ಇರುತ್ತೆ, ಅದರಲ್ಲಿ ಶೇ 30 ಹೆಣ್ಣುಮಕ್ಕಳಿಗೆ. ಹೊಸ ಅರ್ಜಿ ಮೊದಲ ವರ್ಷದವರಿಗೆ ಮಾತ್ರ. ಮೊದಲ ವರ್ಷ ತಪ್ಪಿಸಿಕೊಂಡರೆ ಎರಡನೇ ವರ್ಷಕ್ಕೆ ಒಳಗೆ ಹೋಗೋಕೆ ಆಗಲ್ಲ. ಇದನ್ನ ಗೋಡೆ ಮೇಲೆ ಬರೆದಿಟ್ಟುಕೊಳ್ಳಿ.

ಅರ್ಜಿ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ. ಮೊದಲು ಒಟಿಆರ್, ಅಂದರೆ ಒಂದೇ ಸಲದ ನೋಂದಣಿ: ಆಧಾರ್ ಮತ್ತು ಮೊಬೈಲ್‌ನಲ್ಲಿ ಮುಖ ತೋರಿಸಿ ಮಾಡಬೇಕು, 14 ಅಂಕಿಯ ನಂಬರ್ ಬರುತ್ತೆ. ಆಮೇಲೆ ಅರ್ಜಿ, ಆಮೇಲೆ ಕಾಲೇಜಿನ ನೋಡಲ್ ಅಧಿಕಾರಿಯ ಪರಿಶೀಲನೆ. ಇಲ್ಲೇ ಜಾಸ್ತಿ ಅರ್ಜಿ ಸಿಕ್ಕಿಬೀಳೋದು. ಏನಾದರೂ ತಪ್ಪಿದ್ದರೆ ಅಧಿಕಾರಿ "ಡಿಫೆಕ್ಟ್" ಅಂತ ವಾಪಸ್ ಕಳಿಸ್ತಾರೆ, ತಿದ್ದಿ ಮತ್ತೆ ಕಳಿಸಬಹುದು. ಆದರೆ ವಿದ್ಯಾರ್ಥಿ ಪೋರ್ಟಲ್ ತೆರೆದು ನೋಡಿರೋದೇ ಇಲ್ಲ, ಕೊನೇ ದಿನ ದಾಟಿಹೋಗಿರುತ್ತೆ. ಅರ್ಜಿ ಹಾಕಿದ ಮೇಲೆ ವಾರಕ್ಕೊಂದು ಸಲ ಲಾಗಿನ್ ಆಗಿ ಸ್ಥಿತಿ ನೋಡಲೇಬೇಕು.

ನ್ಯಾಷನಲ್ ಲಾ ಸ್ಕೂಲ್ ಸಿಗದೆ ರಾಜ್ಯ ಕಾನೂನು ವಿವಿಯ ಕಾಲೇಜಿಗೆ ಹೋದರೆ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್. ಎಸ್‌ಸಿಗೆ ಆದಾಯ ಮಿತಿ 2.5 ಲಕ್ಷ. ಕಡ್ಡಾಯ ಶುಲ್ಕದ ಜೊತೆ ನಿರ್ವಹಣಾ ಭತ್ಯೆ ಬರುತ್ತೆ. ಇದರ ಅರ್ಜಿ ನಮ್ಮ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್, ಎಸ್‌ಎಸ್‌ಪಿಯಲ್ಲಿ. ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ರಾಜ್ಯ ತನ್ನ ಪಾಲು ಹಾಕಿದ ಮೇಲೆ ಕೇಂದ್ರದ್ದು ಬೇರೆಯಾಗಿ ಬರುತ್ತೆ. ಮೊದಲ ಕಂತು ನೋಡಿ "ಇಷ್ಟೇನಾ" ಅಂತ ಕಂಗಾಲಾಗಬೇಡಿ, ಎರಡನೆಯದು ಬಂತಾ ಅಂತ ಪಾಸ್‌ಬುಕ್ ನೋಡಿ. ಟಾಪ್ ಕ್ಲಾಸ್ ಮತ್ತು ಪೋಸ್ಟ್ ಮೆಟ್ರಿಕ್ ಎರಡನ್ನೂ ಒಟ್ಟಿಗೆ ತಗೊಳ್ಳೋ ಹಾಗಿಲ್ಲ.

ಒಂದು ಎಚ್ಚರಿಕೆ: ಕಾಲೇಜಿಗೆ ಸೇರಬೇಕಾದ ಶುಲ್ಕದ ಹಣವೂ ಈಗ ವಿದ್ಯಾರ್ಥಿಯ ಖಾತೆಗೇ ಬೀಳುತ್ತೆ. ಮನೆಯ ಕಷ್ಟಕ್ಕೆ ಅದನ್ನ ಬಳಸಿಬಿಟ್ಟರೆ ಪರೀಕ್ಷೆ ಹೊತ್ತಿಗೆ ಕಾಲೇಜಿನ ಬಾಕಿ ಎದ್ದು ನಿಲ್ಲುತ್ತೆ. ಬಂದ ವಾರದಲ್ಲೇ ಕಾಲೇಜಿಗೆ ಕಟ್ಟಿ ರಸೀದಿ ಇಟ್ಟುಕೊಳ್ಳಿ, ಮುಂದಿನ ವರ್ಷದ ಅರ್ಜಿಗೂ ಅದು ಬೇಕಾಗುತ್ತೆ.

ಮೂರನೆಯದು ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್. ಹತ್ತನೇ ಮತ್ತು ಹನ್ನೆರಡನೇ ತರಗತಿ ಎರಡನ್ನೂ ಸರ್ಕಾರಿ ಶಾಲೆ ಕಾಲೇಜಲ್ಲಿ ರೆಗ್ಯುಲರ್ ಆಗಿ ಮುಗಿಸಿ, ಪದವಿಯ ಮೊದಲ ವರ್ಷಕ್ಕೆ ಸೇರಿದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂ., ಕೋರ್ಸ್ ಮುಗಿಯೋ ತನಕ. ಎರಡರಿಂದ ಐದು ವರ್ಷದ ಕೋರ್ಸ್‌ಗಳಿಗೆ ಅನ್ವಯ, ಐದು ವರ್ಷದ ಎಲ್‌ಎಲ್‌ಬಿ ಅದರೊಳಗೇ ಬರುತ್ತೆ. ಅರ್ಜಿಗೆ ದುಡ್ಡಿಲ್ಲ. ಯಾರಾದರೂ ದುಡ್ಡು ಕೇಳಿದರೆ ಅದು ಮೋಸ.

ನಾಲ್ಕನೆಯದು ರೈತ ವಿದ್ಯಾನಿಧಿ, 2021ರಲ್ಲಿ ಶುರುವಾದದ್ದು. ಎಲ್‌ಎಲ್‌ಬಿಗೆ ಹುಡುಗರಿಗೆ ವರ್ಷಕ್ಕೆ 7,500, ಹುಡುಗಿಯರಿಗೆ 8,000. ಇಲ್ಲಿ ನಿಮಗೊಂದು ತೊಡಕಿದೆ. ಈ ಹಣ ಬರೋದು ಫ್ರೂಟ್ಸ್ ತಂತ್ರಾಂಶದ ರೈತ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ ನೋಡಿ. ಜಮೀನು ಅಜ್ಜನ ಹೆಸರಲ್ಲಿದ್ದರೆ ಅಪ್ಪನ ಎಫ್‌ಐಡಿಗೆ ಆ ಸರ್ವೆ ನಂಬರ್ ಸೇರಿರಲ್ಲ. ಅಜ್ಜ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ನಾಡಕಚೇರಿಯಲ್ಲಿ ಪೌತಿ ಖಾತೆಗೆ ಈಗಲೇ ಅರ್ಜಿ ಕೊಡಿ. ಪಹಣಿಯಲ್ಲಿ ಅಪ್ಪನ ಹೆಸರು ಬಂದ ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಎಫ್‌ಐಡಿ ಮಾಡಿಸಿ. ಸ್ಕಾಲರ್‌ಶಿಪ್ ಒಂದಕ್ಕೇ ಅಲ್ಲ, ಬೆಳೆ ಪರಿಹಾರಕ್ಕೂ ಇದು ಬೇಕೇ ಬೇಕು.

---

ನವನಗರದಾಕಿ

ಅಣ್ಣಾರ, ಖಜಾನೆ ಗುಮಾಸ್ತರು ಹೇಳಿದ್ದೆಲ್ಲ ಖರೆ. ನಾ ರೊಕ್ಕ ಎಲ್ಲೆಲ್ಲಿ ತಪ್ಪಿಸಿಕೊಂತದ ಅನ್ನೋದು ಹೇಳ್ತೀನ್ರಿ. ಅರ್ಜಿ ಮಂಜೂರಾಗಿ ರೊಕ್ಕ ಕೈಗೆ ಬರದೇ ಇರೋದು ಭಾಳ.

ಮೊದಲನೇದು ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಾಗ "ರೇಣುಕಾ ಎಚ್", ಆಧಾರಿನಾಗ "ರೇಣುಕಾ ಹನಮಪ್ಪ" ಅಂತಿದ್ರ ಪೋರ್ಟಲ್ ಎರಡು ಬ್ಯಾರೆ ಹುಡುಗ್ಯಾರು ಅಂತ ತಿಳೀತದ. ಅಂಕಪಟ್ಟಿ ತಿದ್ದಿಸೋದು ದೂರದ ಹಾದಿ, ಆಧಾರ್ ತಿದ್ದಿಸ್ರಿ. ಆಧಾರಿನಾಗ ಹೆಸರು ಜೀವಮಾನದಾಗ ಎರಡೇ ಸಲ, ಹುಟ್ಟಿದ ದಿನಾಂಕ ಒಂದೇ ಸಲ ಬದಲಿಸಾಕ ಬರ್ತದ. ಅದಕ್ಕ ಸೇವಾ ಕೇಂದ್ರದಾಗ ಟೈಪ್ ಮಾಡೋವಾಗ ಪಕ್ಕದಾಗ ನಿಂತು ಅಕ್ಷರ ಅಕ್ಷರ ನೋಡ್ರಿ. ಒಂದು ಚುಕ್ಕಿ, ಒಂದು ಸ್ಪೇಸ್ ಸೈತ ಎಣಿಸ್ತದ.

ಎರಡನೇದು ಬ್ಯಾಂಕ್ ಖಾತೆ. ಅರ್ಜಿಯೊಳಗ ಯಾವ ಖಾತೆ ನಂಬರ್ ಬರದ್ರೂ ರೊಕ್ಕ ಬೀಳೋದು ಆಧಾರಿಗೆ ಕಡೀಕ ಜೋಡಿಸಿದ ಖಾತೆಗೆ. ಎಂದೋ ಸಿಮ್ ತಗೊಂಡಾಗ ಹೆಬ್ಬೆಟ್ಟು ಒತ್ತಿ ತೆಗೆದ ಪೇಮೆಂಟ್ಸ್ ಬ್ಯಾಂಕ್ ಖಾತೆ ಇರ್ತದ, ರೊಕ್ಕ ಅಲ್ಲಿ ಹೋಗಿ ಕುಂತಿರ್ತದ, ಇಲ್ಲಿ ಹುಡುಗಿ ಬ್ಯಾಂಕಿಗೆ ಅಲೀತಿರ್ತಾಳ. ಮೈ ಆಧಾರ್ ವೆಬ್‌ಸೈಟಿನಾಗ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಐತಿ, ಎರಡು ನಿಮಿಷದ ಕೆಲಸ, ಈಗೇ ನೋಡ್ರಿ.

ಮೂರನೇದು ಯಾರೂ ಹೇಳೋದಿಲ್ಲ. ಖಾತೆ ಜನಧನದ ಸಣ್ಣ ಖಾತೆ ಆಗಿದ್ರ ಅದರಾಗ ಒಂದು ಹೊತ್ತಿಗೆ 50,000ಕ್ಕಿಂತ ಜಾಸ್ತಿ ಇಡಾಕ ಬರೂದಿಲ್ಲ, ವರ್ಷದಾಗ ಒಟ್ಟು ಒಂದು ಲಕ್ಷಕ್ಕಿಂತ ಜಾಸ್ತಿ ಜಮಾ ಆಗೂದಿಲ್ಲ. ಟಾಪ್ ಕ್ಲಾಸಿನ 86,000ದಂಥ ದೊಡ್ಡ ಮೊತ್ತ ಬರೋವಾಗ ಇಂಥಾ ಮಿತಿಯಿಂದ ತೊಡಕಾಗಬಹುದು. ಹದಿನೆಂಟು ತುಂಬೂಕಿಂತ ಮೊದಲು ತೆಗೆದ ಖಾತೆಗೂ ಇಂಥಾ ಮಿತಿ ಇರ್ತಾವ. ಬ್ಯಾಂಕಿಗೆ ಹೋಗಿ ಪೂರ್ತಿ ಕೆವೈಸಿ ಕೊಟ್ಟು ಸಾದಾ ಉಳಿತಾಯ ಖಾತೆ ಮಾಡಿಸ್ರಿ, ಆಮ್ಯಾಲ ಆಧಾರ್ ಜೋಡಿಸ್ರಿ.

ನಾಲ್ಕನೇದು ಪ್ರಮಾಣಪತ್ರ. ಜಾತಿ, ಆದಾಯ ಎರಡೂ ಪ್ರಮಾಣಪತ್ರದ ಮ್ಯಾಲಿರೋ ಆರ್‌ಡಿ ನಂಬರ್ ಬೇಕು. ಆದಾಯದ್ದು ಐದು ವರ್ಷಕ್ಕ ಮುಗೀತದ. ಕೋರ್ಸೂ ಐದು ವರ್ಷ ಐತಿ ನೋಡ್ರಿ. ಹೈಸ್ಕೂಲಿನಾಗ ಮಾಡಿಸಿದ್ದು ಇಟ್ಕೊಂಡು ಸೇರಿದ್ರ ನಡಕಿನ ಒಂದು ವರ್ಷ ರಿನ್ಯೂವಲ್ ಹಾಕೂ ಹೊತ್ತಿಗೆ "ಅವಧಿ ಮುಗಿದಿದೆ" ಅಂತ ತೋರಿಸ್ತದ. ಸೇರೋ ವರ್ಷ ಹೊಸಾದು ಮಾಡಿಸಿಬಿಡ್ರಿ.

ಇನ್ನೊಂದು, ರೊಕ್ಕಕ್ಕಿಂತ ಹಾಸ್ಟೆಲ್ ದೊಡ್ಡದು. ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ರಾಜ್ಯ ಹಾಸ್ಟೆಲ್ ಪೋರ್ಟಲ್‌ನಾಗ ಅರ್ಜಿ ಹಾಕ್ಬೇಕು, ಅಡ್ಮಿಷನ್ ಆದ ಕೂಡ್ಲೇ. ಹುಬ್ಬಳ್ಳಿ, ಧಾರವಾಡ, ಬೆಂಗಳೂರಿನಾಗ ಪಿಜಿ ಬಾಡಿಗಿ ಕಟ್ಟಿ ಐದು ವರ್ಷ ಓದೂದು, ಹಾಸ್ಟೆಲ್ಲಿನಾಗ ಇದ್ದು ಓದೂದು, ಇವೆರಡರ ನಡುವಿನ ಅಂತರನೇ ಭಾಳ ಮನಿಗಳಿಗೆ ಸಾಲದ ಅಂತರ.

ಕಾಲೇಜು ಆರಿಸೋವಾಗ ರಾಜ್ಯ ಕಾನೂನು ವಿವಿ ಸ್ವಂತ ನಡೆಸೋ ನವನಗರದ ಲಾ ಸ್ಕೂಲು, ಬೆಂಗಳೂರಿನ ಯೂನಿವರ್ಸಿಟಿ ಲಾ ಕಾಲೇಜು, ಧಾರವಾಡದ ಸರ್ ಸಿದ್ದಪ್ಪ ಕಂಬಳಿ ಕಾಲೇಜು ಇಂಥವನ್ನ ಮೊದಲು ನೋಡ್ರಿ, ಐದು ವರ್ಷದ ಕೋರ್ಸ್ ಎಲ್ಲೆಲ್ಲಿ ಐತಿ ಕೇಳ್ಕೋರಿ. ಬಿಸಿಐ, ಅಂದ್ರ ಭಾರತೀಯ ವಕೀಲರ ಪರಿಷತ್ತಿನ ನಿಯಮದ ಪ್ರಕಾರ ಪಿಯುಸಿಯಾಗ ಶೇ 45 ಬೇಕು, ಎಸ್‌ಸಿ ಎಸ್‌ಟಿಗೆ ಶೇ 40.

---

ಮಾಗಡಿ ರೋಡ್

ಕ್ಲಾಟ್, ಅಂದರೆ ಕಾನೂನು ಓದಿನ ಪ್ರವೇಶ ಪರೀಕ್ಷೆ ಬಗ್ಗೆ ಯಾರೂ ಹೇಳಿಲ್ಲ, ಸೇರಿಸ್ತೀನಿ. ನ್ಯಾಷನಲ್ ಲಾ ಸ್ಕೂಲಿಗೆ ದಾರಿ ಅದೇ. ಪರೀಕ್ಷೆ ಡಿಸೆಂಬರ್ ಮೊದಲ ವಾರದ ಆಸುಪಾಸು, 120 ಪ್ರಶ್ನೆ, ಎರಡು ಗಂಟೆ, ತಪ್ಪಿಗೆ ಕಾಲು ಅಂಕ ಕಡಿತ. ಅರ್ಜಿ ಶುಲ್ಕ ಎಸ್‌ಸಿ, ಎಸ್‌ಟಿ, ಬಿಪಿಎಲ್‌ಗೆ 3,500 ರೂ., ಉಳಿದವರಿಗೆ 4,000. ಪರೀಕ್ಷೆ ಇಂಗ್ಲಿಷಲ್ಲಿ ಮಾತ್ರ, ಎಲ್ಲ ವಿಭಾಗವೂ ಉದ್ದುದ್ದ ಪ್ಯಾರಾ ಓದಿ ಉತ್ತರಿಸೋದು. ಕನ್ನಡ ಮಾಧ್ಯಮದ ಮಕ್ಕಳಿಗೆ ಕಾನೂನು ಕಷ್ಟ ಆಗಲ್ಲ, ಓದುವ ವೇಗ ಕಷ್ಟ ಆಗುತ್ತೆ. ದಿನಕ್ಕೆ 450 ಪದದ ನಾಲ್ಕು ಪ್ಯಾರಾವನ್ನ ಗಡಿಯಾರ ಇಟ್ಟುಕೊಂಡು ಓದಿಸಿ. ಮೊದಲ ತಿಂಗಳು ಅರ್ಥ ಆಗೋದು, ಎರಡನೇ ತಿಂಗಳಿಂದ ವೇಗ. ಮುಂಚಿನ ವರ್ಷಗಳ ಪ್ರಶ್ನೆಪತ್ರಿಕೆ ಪರೀಕ್ಷೆ ನಡೆಸೋ ಕಾನೂನು ವಿವಿಗಳ ಒಕ್ಕೂಟದ ವೆಬ್‌ಸೈಟಲ್ಲೇ ಸಿಗುತ್ತೆ, ಅದಕ್ಕಿಂತ ಒಳ್ಳೆ ಗೈಡ್ ಇಲ್ಲ.

ಅರ್ಜಿ ತುಂಬುವಾಗ ಕರ್ನಾಟಕ ವಿದ್ಯಾರ್ಥಿ ಅನ್ನೋ ಆಯ್ಕೆ ಬಿಟ್ಟುಬಿಡಬೇಡಿ. ನಾಗರಭಾವಿಯಲ್ಲಿ ಶೇ 25 ಸೀಟು ರಾಜ್ಯದಲ್ಲಿ ಕನಿಷ್ಠ ಹತ್ತು ವರ್ಷ ಓದಿದವರಿಗೆ. ಇದು ಎಸ್‌ಸಿ ಮೀಸಲಿನ ಒಳಗೂ ಲೆಕ್ಕಕ್ಕೆ ಬರುತ್ತೆ. ಹಳೇ ಶಾಲೆಗಳ ವ್ಯಾಸಂಗ ಪ್ರಮಾಣಪತ್ರ ಈಗಿಂದಲೇ ತೆಗೆದಿಡಿ, ಮುಖ್ಯೋಪಾಧ್ಯಾಯರ ಸಹಿ, ಮೊಹರು, ಯಾವ ವರ್ಷದಿಂದ ಯಾವ ವರ್ಷದವರೆಗೆ ಅನ್ನೋದು ಸ್ಪಷ್ಟ ಇರಬೇಕು.

ಇನ್ನೊಂದು ಗುಂಡಿ ಇದೆ. ರ‍್ಯಾಂಕ್ ಬಂದ ಮೇಲೆ ಕೌನ್ಸೆಲಿಂಗ್ ನೋಂದಣಿ, ಸೀಟು ಖಚಿತ ಮಾಡೋ ಶುಲ್ಕ ಅಂತ ಕೆಲವೇ ದಿನದಲ್ಲಿ ಹತ್ತಾರು ಸಾವಿರ ಕಟ್ಟಬೇಕು. ಸ್ಕಾಲರ್‌ಶಿಪ್ ಬರೋದು ಅದಾದ ಎಷ್ಟೋ ತಿಂಗಳ ನಂತರ. ಸೀಟು ಕೈತಪ್ಪೋದು ಈ ಸಂದಿಯಲ್ಲಿ. ಆ ಹಣಕ್ಕೆ ಡಿಸೆಂಬರ್‌ಗೆ ಮುಂಚೆಯೇ ದಾರಿ ನೋಡಿಟ್ಟಿರಿ.

ಈ ಸಂದಿಗೇ ಐಡಿಯಾ ಅನ್ನೋ ಟ್ರಸ್ಟ್ ಇದೆ. ಪ್ರೊ. ಶಮ್ನಾದ್ ಬಷೀರ್ 2010ರಲ್ಲಿ ಶುರು ಮಾಡಿದ್ದು. ಅವರು 2019ರಲ್ಲಿ ತೀರಿಹೋದರು, ಕೆಲಸ ನಿಂತಿಲ್ಲ. ಹಿಂದುಳಿದ ಹಿನ್ನೆಲೆಯ, ಅಂಗವೈಕಲ್ಯ ಇರುವ ಮಕ್ಕಳನ್ನ ಆರಿಸಿ ಕ್ಲಾಟ್‌ಗೆ ಉಚಿತ ತರಬೇತಿ ಕೊಟ್ಟು, ಸೀಟು ಸಿಕ್ಕ ಮೇಲೆ ಶುಲ್ಕಕ್ಕೆ ದಾನಿಗಳನ್ನ ಹುಡುಕಿ, ಇಂಗ್ಲಿಷ್ ಮತ್ತು ಓದಿಗೆ ಹಿರಿಯ ವಿದ್ಯಾರ್ಥಿಗಳನ್ನ ಜೊತೆ ಮಾಡ್ತಾರೆ. ಕರ್ನಾಟಕದಲ್ಲೂ ಶಾಖೆ ಇದೆ. ಆಯ್ಕೆ ಪಿಯುಸಿ ಹಂತದಲ್ಲೇ ನಡೆಯುತ್ತೆ, ಸೀಟು ಸಿಕ್ಕ ಮೇಲೆ ಹೋಗಿ ಕೇಳೋದಲ್ಲ.

ಕ್ಲಾಟ್ ಆಗದಿದ್ದರೆ ಎದೆಗುಂದಬೇಡಿ. ನಮ್ಮ ರಾಜ್ಯದ ತಾಲ್ಲೂಕು, ಜಿಲ್ಲಾ ಕೋರ್ಟುಗಳಲ್ಲಿ ಕನ್ನಡದಲ್ಲಿ ದಾವೆ ಬರೆಯೋಕೆ, ಸಾಕ್ಷಿಯನ್ನ ಕನ್ನಡದಲ್ಲಿ ಪಾಟಿ ಸವಾಲು ಮಾಡೋಕೆ ಬರುವವರೇ ಬೇಕಾಗಿರೋದು. ಸಿವಿಲ್ ಜಡ್ಜ್ ಮುಖ್ಯ ಪರೀಕ್ಷೆಯಲ್ಲೂ ಕನ್ನಡ-ಇಂಗ್ಲಿಷ್ ಅನುವಾದದ ಪತ್ರಿಕೆ ಇದೆ. ಅವಳ ಕನ್ನಡ ಅವಳ ಬಂಡವಾಳ.

---

ತುಮಕೂರು 2ಎ

ಇದೇ ಎಳೆಯಲ್ಲಿ ಒಂದು ಸಣ್ಣ ಪ್ರಶ್ನೆ. ಹಿಂದುಳಿದ ವರ್ಗ, ಬಿಎ ಮುಗಿದಿದೆ, ಮೂರು ವರ್ಷದ ಎಲ್‌ಎಲ್‌ಬಿಗೆ ಸೇರೋದು. ನಮಗೆ ಏನಿದೆ?

---

ಖಜಾನೆ ಗುಮಾಸ್ತ

ಮೂರು ವರ್ಷದ ಕೋರ್ಸಿಗೆ ಪದವಿಯಲ್ಲಿ ಶೇ 45, ನಿಮಗೆ ಶೇ 42 ಸಾಕು. ಎಸ್‌ಎಸ್‌ಪಿಯಲ್ಲಿ ಹಿಂದುಳಿದ ವರ್ಗಗಳ ಇಲಾಖೆಯ ಶುಲ್ಕ ವಿನಾಯಿತಿ, ಮತ್ತು ಸರ್ಕಾರಿ ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ: ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000. ಹಾಸ್ಟೆಲ್‌ನಲ್ಲಿ ಇದ್ದುಕೊಂಡು ವಿದ್ಯಾಸಿರಿಗೂ ಹಾಕಿದರೆ ತಿರಸ್ಕಾರ ಆಗುತ್ತೆ. ಪಟ್ಟಿಯಲ್ಲಿರುವ ದೊಡ್ಡ ಸಂಸ್ಥೆಯಾದರೆ ಪಿಎಂ ಯಶಸ್ವಿ ಟಾಪ್ ಕ್ಲಾಸ್, ಆದಾಯ ಮಿತಿ 2.5 ಲಕ್ಷ: ಶುಲ್ಕದ ಜೊತೆ ತಿಂಗಳಿಗೆ 3,000 ವಾಸದ ಖರ್ಚು, ವರ್ಷಕ್ಕೆ 5,000 ಪುಸ್ತಕಕ್ಕೆ, ಒಂದು ಸಲ 45,000 ಕಂಪ್ಯೂಟರ್‌ಗೆ. ಅಪ್ಪ ರೈತರಾಗಿದ್ದರೆ ರೈತ ವಿದ್ಯಾನಿಧಿ ನಿಮಗೂ ಇದೆ.

---

ಕರಿಕೋಟು

ಮೂರನೇ ಪ್ರಶ್ನೆ ಉಳಿದಿದೆ, ಪದವಿ ನಂತರದ ವರ್ಷಗಳು. ಇದನ್ನ ಮೊದಲ ವರ್ಷದಿಂದಲೇ ಕಟ್ಟಿಕೊಳ್ಳಬೇಕು.

ವಕೀಲಳಾಗಿ ನೋಂದಾಯಿಸೋಕೆ ರಾಜ್ಯ ವಕೀಲರ ಪರಿಷತ್ತುಗಳು ಮೊದಲೆಲ್ಲ ಹತ್ತಾರು ಸಾವಿರ ಕೇಳ್ತಿದ್ದವು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಗೌರವ್ ಕುಮಾರ್ ಪ್ರಕರಣದಲ್ಲಿ ಅದಕ್ಕೆ ತಡೆ ಹಾಕಿತು. ವಕೀಲರ ಕಾಯ್ದೆಯಲ್ಲಿ ಇರೋದು ಸಾಮಾನ್ಯರಿಗೆ 750, ಎಸ್‌ಸಿ ಎಸ್‌ಟಿಗೆ 125 ರೂ. ಅದಕ್ಕಿಂತ ಹೆಚ್ಚು ನೋಂದಣಿ ಶುಲ್ಕ ವಸೂಲಿ ಮಾಡೋ ಹಾಗಿಲ್ಲ.

2025ರ ಮೇ 20ರ ಇನ್ನೊಂದು ತೀರ್ಪು ಸಿವಿಲ್ ಜಡ್ಜ್ ಹುದ್ದೆಗೆ ಮೂರು ವರ್ಷದ ವಕೀಲಿಕೆ ಕಡ್ಡಾಯ ಮಾಡಿತು. ತಾತ್ಕಾಲಿಕ ನೋಂದಣಿ ದಿನದಿಂದ ಲೆಕ್ಕ, ನ್ಯಾಯಮೂರ್ತಿಗಳ ಬಳಿ ಲಾ ಕ್ಲರ್ಕ್ ಆಗಿ ಮಾಡಿದ ಕೆಲಸವೂ ಸೇರುತ್ತೆ. ಜಡ್ಜ್ ಆಗೋ ಮನಸ್ಸಿದ್ದರೂ ಮೂರು ವರ್ಷ ಕಡಿಮೆ ದುಡ್ಡಲ್ಲಿ ಬಾಳಲೇಬೇಕು ಅಂತಾಯ್ತು. ಅದಕ್ಕೇ ಸಾಲದ ವಿಷಯದಲ್ಲಿ ಅಷ್ಟು ಒತ್ತಿ ಹೇಳಿದ್ದು.

ಆ ಮೂರು ವರ್ಷಕ್ಕೆ ಎರಡು ಊರುಗೋಲು. ಒಂದು, ಸಮಾಜ ಕಲ್ಯಾಣ ಇಲಾಖೆ ಎಸ್‌ಸಿ ಕಾನೂನು ಪದವೀಧರರಿಗೆ ತರಬೇತಿ ಅವಧಿಯಲ್ಲಿ ಕೊಡುವ ಮಾಸಿಕ ಶಿಷ್ಯವೇತನ. ಜಿಲ್ಲಾ ಕಚೇರಿ ಪ್ರಕಟಣೆ ಹೊರಡಿಸುತ್ತೆ, ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬಂದು ಹೋಗುತ್ತೆ. ಪದವಿ ಮುಗಿದು ವರ್ಷಗಟ್ಟಲೆ ಕಾದವರಿಗೆ ಸಿಗಲ್ಲ, ಆದ್ದರಿಂದ ನೋಂದಣಿ ಆದ ತಕ್ಷಣ ಜಂಟಿ ಅಥವಾ ಉಪ ನಿರ್ದೇಶಕರ ಕಚೇರಿಗೆ ಹೋಗಿ ವಿಚಾರಿಸಬೇಕು. ಹಿಂದುಳಿದ ವರ್ಗಗಳ ಇಲಾಖೆಯಲ್ಲೂ ಇಂಥದ್ದೇ ಇದೆ, ತುಮಕೂರಿನವರು ಗಮನಿಸಿ. ತರಬೇತಿ ಕೊಡುವ ವಕೀಲರು ತಿಂಗಳು ತಿಂಗಳು ಹಾಜರಿ ದೃಢೀಕರಿಸಬೇಕು, ಅದು ತಡವಾದರೆ ಹಣ ನಿಲ್ಲುತ್ತೆ. ಸೀನಿಯರ್ ಆರಿಸುವಾಗ ದೊಡ್ಡ ಹೆಸರಿಗಿಂತ ಸಹಿ ಹಾಕೋಕೆ ಪುರುಸೊತ್ತು ಇರುವವರು ಮೇಲು.

ಎರಡನೆಯದು ಕಾನೂನು ಸೇವಾ ಪ್ರಾಧಿಕಾರದ ಲೀಗಲ್ ಏಡ್ ಡಿಫೆನ್ಸ್ ಕೌನ್ಸೆಲ್ ವ್ಯವಸ್ಥೆ, 2022ರ ಯೋಜನೆ. ಜೈಲಿನಲ್ಲಿರುವ, ವಕೀಲರನ್ನ ಇಡೋಕೆ ಆಗದ ಆರೋಪಿಗಳ ಪರ ಪೂರ್ಣಾವಧಿ ಕೆಲಸ, ತಿಂಗಳ ಗೌರವಧನ. ಮುಖ್ಯ ಕೌನ್ಸೆಲ್‌ಗೆ ಹತ್ತು ವರ್ಷ, ಉಪ ಕೌನ್ಸೆಲ್‌ಗೆ ಏಳು ವರ್ಷ ಅನುಭವ ಬೇಕು. ಸಹಾಯಕ ಕೌನ್ಸೆಲ್‌ಗೆ ಸೊನ್ನೆಯಿಂದ ಮೂರು ವರ್ಷ, ಅಂದರೆ ಹೊಸಬರಿಗೇ ಇಟ್ಟ ಜಾಗ ಅದು. ಸೇರಿದರೆ ಖಾಸಗಿ ಕೇಸು ಹಿಡಿಯೋ ಹಾಗಿಲ್ಲ. ಪ್ರಾಧಿಕಾರದ ಪ್ಯಾನಲ್ ವಕೀಲಳಾಗೋಕೆ ಮಾತ್ರ ಮೂರು ವರ್ಷ ಆಗಿರಬೇಕು.

ಈ ಆಯ್ಕೆಗಳಲ್ಲಿ, ಕಾಲೇಜಿನ ಸಹಾಯಧನ, ಟ್ರಸ್ಟುಗಳ ಸಂದರ್ಶನದಲ್ಲಿ ಕೇಳೋದು ಒಂದೇ: ಈ ಕೆಲಸದ ಮನಸ್ಸಿದೆ ಅನ್ನೋಕೆ ಏನು ತೋರಿಸ್ತೀರಿ? "ಬಡವರ ಸೇವೆ ಮಾಡಬೇಕೆಂಬ ಹಂಬಲ ನನಗಿದೆ" ಅಂತ ಬರೆದ ಅರ್ಜಿ ನೂರಿರುತ್ತೆ. ನಿಮ್ಮ ತಂಗಿ ಜಮೀನಿನ ಕೇಸು ಅಂದಳಲ್ಲ, ಅವಳು ಹೀಗೆ ಬರೆಯಬಹುದು:

"ದಲಿತರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಅನುಮತಿ ಇಲ್ಲದೆ ಮಾರಾಟವಾದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಉಪವಿಭಾಗಾಧಿಕಾರಿ ಅದನ್ನು ಮರಳಿಸಬಹುದು. ಅರ್ಜಿ ತಡವಾಯಿತೆಂಬ ಕಾರಣ 2017ರ ನೆಕ್ಕಂಟಿ ರಾಮಲಕ್ಷ್ಮಿ ತೀರ್ಪಿನ ನಂತರ ಇಂಥ ಪ್ರಕರಣಗಳಿಗೆ ಅಡ್ಡ ಬಂತು. 2023ರ ತಿದ್ದುಪಡಿ ಕಾಲಮಿತಿ ಇಲ್ಲ ಎಂದಿದೆ. ಈ ಅರ್ಜಿಗಳನ್ನು ದಾಖಲೆ ಸಮೇತ ಬರೆಯುವುದನ್ನು, ಜಿಲ್ಲಾಧಿಕಾರಿಯ ಮುಂದೆ ಮೇಲ್ಮನವಿ ನಡೆಸುವುದನ್ನು ಕಲಿಯಬೇಕೆಂದಿದ್ದೇನೆ."

ಒಂದು ಕಾಯ್ದೆ, ಒಂದು ಅಡ್ಡಿ, ತಾನು ಕಲಿಯಬೇಕಾದದ್ದು, ಅಷ್ಟೇ. ಓದಿದವರಿಗೆ ಈ ಹುಡುಗಿಗೆ ವಿಷಯ ಗೊತ್ತು ಅಂತ ತಿಳಿಯುತ್ತೆ. ಸಂದರ್ಶನದಲ್ಲಿ ಇದರ ಮೇಲೇ ಪ್ರಶ್ನೆ ಬರುತ್ತೆ, ಆದ್ದರಿಂದ ಬೇರೆಯವರಿಂದ ಬರೆಸಬಾರದು, ಕಾಯ್ದೆಯ ಐದನೇ ಕಲಮನ್ನ ಅವಳೇ ಓದಿರಬೇಕು.

ಮನಸ್ಸು ತೋರಿಸೋಕೆ ಕೋರ್ಸಲ್ಲೇ ಜಾಗ ಇದೆ. ಐದು ವರ್ಷದ ಕೋರ್ಸಿಗೆ ಕನಿಷ್ಠ 20 ವಾರ, ಮೂರು ವರ್ಷದ್ದಕ್ಕೆ 12 ವಾರ ಇಂಟರ್ನ್‌ಶಿಪ್ ಬಿಸಿಐ ನಿಯಮ. ಅದರಲ್ಲಿ ನಾಲ್ಕು ವಾರ ರಾಯಚೂರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲೇ ಮಾಡಲಿ, ಅರೆಕಾಲಿಕ ಕಾನೂನು ಸ್ವಯಂಸೇವಕಿಯಾಗಿ ಹೆಸರು ಕೊಡಲಿ. ದಿನವಹಿ ಬರೆದಿಡಲಿ: ದಿನಾಂಕ, ಯಾವ ಕಾಯ್ದೆ, ತಾನು ಬರೆದ ಅರ್ಜಿ ಯಾವುದು. ಕಕ್ಷಿದಾರರ ಹೆಸರು, ಊರು ಮಾತ್ರ ಬರೆಯಬಾರದು.

---

ಲಿಂಗಸೂಗೂರು ಅಣ್ಣ

ಎಲ್ಲರಿಗೂ ಶರಣು ಶರಣಾರ್ಥಿ. ಏಜೆಂಟಗ ಬ್ಯಾಡ ಅಂದೀನಿ. ಬ್ಯಾಂಕ್ ಸೀಡಿಂಗ್ ನೋಡಿದ್ರ ಖರೇನೇ ಎಲ್ಲೋ ಪೇಮೆಂಟ್ಸ್ ಬ್ಯಾಂಕ್ ತೋರಸ್ತದ. ಖಾತೆ ಬದಲಿಸಬೇಕಂದ್ರ ಹಳೇದು ಮುಚ್ಚಬೇಕೇನು?

---

ನವನಗರದಾಕಿ

ಮುಚ್ಚೋ ಜರೂರ ಇಲ್ರಿ. ಯಾವ ಬ್ಯಾಂಕಿಗೆ ರೊಕ್ಕ ಬರಬೇಕೋ ಆ ಬ್ಯಾಂಕಿನಾಗ ಆಧಾರ್ ಸೀಡಿಂಗ್ ಅರ್ಜಿ ತುಂಬಿ, ಡಿಬಿಟಿಗೆ (ಸರ್ಕಾರದ ರೊಕ್ಕ ನೇರ ಖಾತೆಗೆ ಬರೂದಕ್ಕ) ಈ ಖಾತೆ ಅಂತ ಒಪ್ಪಿಗಿ ಟಿಕ್ ಮಾಡಿ, ಹಳೇ ಬ್ಯಾಂಕಿನ ಹೆಸರು ಬರದು ತಂಗಿ ಸಹಿ ಮಾಡಿ ಕೊಡ್ಲಿ. ಬರೇ ಆಧಾರ್ ಝೆರಾಕ್ಸ್ ತಗೊಂಡು "ಲಿಂಕ್ ಆತು" ಅಂತ ಕಳಸಿದ್ರ ಒಪ್ಕೋಬ್ಯಾಡ್ರಿ, ಅದು ಕೆವೈಸಿ ಅಷ್ಟೇ, ಸೀಡಿಂಗ್ ಅಲ್ಲ. ಒಂದು ವಾರ ಬಿಟ್ಟು ಅದೇ ವೆಬ್‌ಸೈಟಿನಾಗ ಮತ್ತ ನೋಡ್ರಿ, ಹೊಸ ಬ್ಯಾಂಕಿನ ಹೆಸರು, ಮುಂದ "ಆಕ್ಟಿವ್" ಅಂತ ಬಂದಿರಬೇಕು. ಬರ್ಲಿಲ್ಲಂದ್ರ ತಿರುಗಿ ಬ್ಯಾಂಕಿಗೆ ಹೋಗ್ರಿ, ಅರ್ಜಿ ಕೊಟ್ಟಿದ್ದಕ್ಕ ಸ್ವೀಕೃತಿ ಚೀಟಿ ಕೈಯಾಗ ಇರ್ಲಿ.